ಮುಂದಿನ ಪಾಳಿಯವರ ಸಹಿ

ನಮ್ಮ ಭಾವ ಯಾರಿಗೂ ಕೆಡುಕು ಬಯಸಿದವರಲ್ಲ. ಆದರೂ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರೆಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕಳ್ಳ ಬಂದರೆ ಪೊಲೀಸರಿಗೆ ಹೇಳಬಹುದು, ಹಾವು ಬಂದರೆ ಹಿಡಿಯುವವರಿದ್ದಾರೆ. ಅಕ್ಕನ ಗಂಡ ಪೆನ್‌ಡ್ರೈವ್ ಹಿಡಿದುಕೊಂಡು ಬಂದರೆ ಯಾರಿಗೆ ಹೇಳುವುದು?

ನನ್ನದು ಸವಳಂಗ ರಸ್ತೆಯಲ್ಲಿ ಒಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು, ಹೀಗೆ ಮನುಷ್ಯ ಮದುವೆಯಾಗುವುದರಿಂದ ಹಿಡಿದು ಲಿಂಗೈಕ್ಯನಾಗುವವರೆಗಿನ ಸಮಸ್ತವೂ ನನ್ನ ಒಂದೇ ಒಂದು ಕಂಪ್ಯೂಟರಿನಿಂದ ಆಗಬೇಕು. ಆ ಕಂಪ್ಯೂಟರು ಭಾವನ ಕೊಡುಗೆ. ಅವರು ಭದ್ರಾವತಿಯ ಕಾಗದದ ಮಿಲ್ಲಿನಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿದ್ದರು. ಮಿಲ್ಲು ನಿಂತ ಮೇಲೆ, ಜನ ಬಿಸಾಡಿದ ಹಳೇ ಕಂಪ್ಯೂಟರುಗಳನ್ನು ಮಿಲ್ಲಿನ ಕಾಲೊನಿಯಾದ ಕಾಗದನಗರದ ಮನೆಗೆ ತಂದು, ಧೂಳು ಒರೆಸಿ, ಲಿನಕ್ಸ್ ತುಂಬಿ, ಬೇಕಾದವರಿಗೂ ಬೇಡವಾದವರಿಗೂ ಹಂಚತೊಡಗಿದರು. ನಾನು ಎರಡನೆಯ ಗುಂಪಿನವನು. ಅಕ್ಕನ ಗಂಡ ಹೆಗಲ ಮೇಲೆ ಹೊತ್ತು ತಂದದ್ದನ್ನು ಬೇಡ ಎನ್ನುವುದು ಹೇಗೆ?

ಲಿನಕ್ಸ್ ಎಂದರೇನೆಂದು ತಿಳಿಯದ ಪುಣ್ಯವಂತರಿಗಾಗಿ ಹೇಳುತ್ತೇನೆ. ಅದು ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಬಿಟ್ಟಿ ಸಿಗುತ್ತದೆ. ಅದರಲ್ಲಿ ನೂರೆಂಟು ಬಗೆ. ಭಾವ ಆರಿಸಿಕೊಂಡದ್ದು, ಸಂಬಳವಿಲ್ಲದ ಒಂದಷ್ಟು ಜನ ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ ನಡೆಸುವಂಥದ್ದು. ಏನಾದರೂ ಕೆಟ್ಟರೆ ಹೋಗಿ ಜಗಳ ಮಾಡಲು ಒಂದು ಬಾಗಿಲೂ ಇಲ್ಲ. ಅವರ ಅಂತರ್ಜಾಲದ ಕಟ್ಟೆಯಲ್ಲಿ ಪ್ರಶ್ನೆ ಬರೆದು, ಯಾರಾದರೂ ಪುಣ್ಯಾತ್ಮರು ಉತ್ತರ ಕೊಡುವವರೆಗೆ ಕಾಯಬೇಕು. ವಾರಕ್ಕೊಮ್ಮೆ ಅಪ್‌ಡೇಟ್ ಬರುತ್ತದೆ. ಅದರ ಬೆನ್ನಿಗೇ, ಪ್ರತಿ ಗುರುವಾರ, ಭದ್ರಾವತಿ ಬಸ್ಸಿನಲ್ಲಿ ಭಾವ ಬರುತ್ತಾರೆ.

"ಅದು ತಾನಾಗೇ ಆಗುತ್ತಂತಲ್ಲ ಭಾವ, ನೀವ್ಯಾಕೆ ಅಷ್ಟು ದೂರದಿಂದ ಬರ್ತೀರಿ?" ಎಂದು ಒಮ್ಮೆ ಕೇಳಿ ನೋಡಿದೆ.

"ತಾನಾಗೇ ಆಗೋದನ್ನ ನಂಬಬಾರ್ದು ಮಾರಾಯ. ಪಕ್ಕದಲ್ಲಿ ಒಬ್ಬ ನಿಂತಿರ್ಬೇಕು."

ಬರೀ ನಿಂತರೆ ನಾನು ಸಹಿಸುತ್ತಿದ್ದೆ. ಅವರ ಚೀಲದಲ್ಲಿ ಒಂದು ಲಾಗ್ ಬುಕ್ ಇರುತ್ತದೆ. ನೀಲಿ ರಟ್ಟಿನ ದಪ್ಪ ಪುಸ್ತಕ, ಮಿಲ್ಲಿನದೇ. ಅರ್ಧ ಖಾಲಿ ಉಳಿದಿತ್ತಂತೆ. ಮಿಲ್ಲಿನಲ್ಲಿ ಪಾಳಿ ಬದಲಾಗುವಾಗ ಹೋಗುವವನು ಅದರಲ್ಲಿ ಮೂರು ಸಂಗತಿ ಬರೆಯಬೇಕು: ಕಂಡದ್ದು, ಮಾಡಿದ್ದು, ಮುಂದಿನ ಪಾಳಿಗೆ ಹೇಳುವುದು. ಬರುವವನು ಓದಿ, ಗಂಟೆ ನಮೂದಿಸಿ ಸಹಿ ಹಾಕಬೇಕು. ಆ ಸಹಿ ಬೀಳುವವರೆಗೆ ಹೋಗುವವನು ಯಂತ್ರ ಬಿಟ್ಟು ಕದಲುವಂತಿಲ್ಲ, ಮನೆಯಲ್ಲಿ ಮಗು ಹುಟ್ಟಲಿ, ಮಾವ ಸಾಯಲಿ. ಮಿಲ್ಲು ನಿಂತರೂ ಈ ಪದ್ಧತಿ ನಿಲ್ಲಲಿಲ್ಲ. ಪ್ರತಿ ಅಪ್‌ಡೇಟ್ ಆದ ಮೇಲೆ ಭಾವ ಮೂರೂ ಕಲಂ ತುಂಬಿಸಿ ಪುಸ್ತಕವನ್ನು ನನ್ನ ಮುಂದೆ ಇಡುತ್ತಾರೆ. ಒಮ್ಮೆ ಸಹಿ ಹಾಕಿ 'ಹನ್ನೊಂದು ಗಂಟೆ' ಎಂದು ಬರೆದೆ. ಅವರು ಗೋಡೆ ಗಡಿಯಾರ ನೋಡಿ, ಅದನ್ನು ಹೊಡೆದುಹಾಕಿಸಿ, 'ಹನ್ನೊಂದು ಏಳು' ಎಂದು ಬರೆಸಿದರು.

"ಏಳು ನಿಮಿಷಕ್ಕೆ ಏನಾಗುತ್ತೆ ಭಾವ?"

"ಏಳು ನಿಮಿಷದಲ್ಲಿ ಡ್ರೈಯರ್ ಮೇಲೆ ಎಷ್ಟು ಪೇಪರ್ ಓಡುತ್ತೆ ಗೊತ್ತಾ ನಿಂಗೆ?"

ನನ್ನ ಅಂಗಡಿಯಲ್ಲಿ ಕಾಗದ ಒಣಗಿಸುವ ಡ್ರೈಯರ್ ಎಲ್ಲಿದೆ? ಹೇಳಿ ಪ್ರಯೋಜನವಿಲ್ಲ.

ಒಂದು ಗುರುವಾರ ಆಯನೂರಿನ ಹಿರಿಯರೊಬ್ಬರು ಗೃಹಪ್ರವೇಶದ ಕಾರ್ಡಿಗೆಂದು ಬೆಂಚಿನ ಮೇಲೆ ಕೂತಿದ್ದರು. ಗಡಿಬಿಡಿಯಲ್ಲಿ ಭಾವನ ಪುಸ್ತಕಕ್ಕೆ ಓದದೆ ಸಹಿ ಗೀಚಿ ಭಾವನನ್ನು ಬಸ್ಸಿಗೆ ಸಾಗಹಾಕಿದೆ. ಪ್ರಿಂಟ್ ಒತ್ತಿದರೆ ಪ್ರಿಂಟರೇ ಇಲ್ಲ! ಮೇಜಿನ ಮೇಲಿದೆ, ದೀಪ ಉರಿಯುತ್ತಿದೆ, ಕಂಪ್ಯೂಟರಿನ ಮಟ್ಟಿಗೆ ಮಾತ್ರ ಅದು ಲೋಕದಲ್ಲೇ ಇಲ್ಲ. ಬಸ್ಸಿನಲ್ಲಿದ್ದ ಭಾವನಿಗೆ ಫೋನ್ ಮಾಡಿದೆ.

"ಪ್ರಿಂಟರ್ ಎಲ್ಲೂ ಹೋಗಿಲ್ಲ ಮಾರಾಯ. ಇದಕ್ಕೆ ಅದರ ಗುರುತು ಸಿಗ್ತಿಲ್ಲ ಅಷ್ಟೆ. ಮುಂದಿನ ಅಪ್‌ಡೇಟಲ್ಲಿ ಸರಿಹೋಗುತ್ತೆ."

"ಮುಂದಿನ ಗುರುವಾರದವರೆಗೆ ಇವರು ಬೆಂಚ್ ಮೇಲೇ ಕೂತಿರ್ಬೇಕಾ?"

"ಮೂರನೇ ಕಲಂನಲ್ಲಿ ಬರ್ದಿದ್ನಲ್ಲ, ತುರ್ತು ಪ್ರಿಂಟ್ ಇದ್ರೆ ಮೊದಲೇ ಹೇಳು, ಅಪ್‌ಡೇಟ್ ವಾಪಸ್ ತೆಗೀತೀನಿ ಅಂತ. ಕೆಳಗೆ ಸೈನ್ ಯಾರ್ದು?"

ಸಹಿ ನನ್ನದೇ. ಆಯನೂರಿನ ಹಿರಿಯರು ಎದ್ದು, "ಮನೆ ಕಟ್ಟೋಕೇ ಇಷ್ಟು ಕಾದಿರ್ಲಿಲ್ಲ ಬಿಡಿ" ಎಂದು ಪಕ್ಕದ ಅಂಗಡಿಗೆ ಹೋದರು. ಹೀಗೆ ಹೋದವರು ಅವರೊಬ್ಬರೇ ಅಲ್ಲ. ಈ ಯಂತ್ರವನ್ನು ತೊಲಗಿಸದಿದ್ದರೆ ಅಂಗಡಿ ಉಳಿಯುವುದಿಲ್ಲ, ತೊಲಗಿಸಿದರೆ ಭಾವ ಉಳಿಯುವುದಿಲ್ಲ. ನನ್ನ ಗತಿ ಹೀಗಿತ್ತು.

ಕೊನೆಗೆ ಧೈರ್ಯ ಮಾಡಿ, ಹೇಳಿಯೇ ಬಿಡುತ್ತೇನೆಂದು ಕಾಗದನಗರಕ್ಕೆ ಹೋದೆ. ಭಾವ ಊಟದ ತಟ್ಟೆ ಮುಂದಿಟ್ಟುಕೊಂಡು ಮಂಕಾಗಿ ಕೂತಿದ್ದರು. ಬ್ರೆಜಿಲ್ ದೇಶದಲ್ಲಿ ಯಾರದೋ ಲ್ಯಾಪ್‌ಟಾಪಿನಲ್ಲಿ ಸದ್ದು ಬರುತ್ತಿಲ್ಲವಂತೆ. ಆತ ಕಟ್ಟೆಯಲ್ಲಿ ಕೇಳಿದ್ದಾನೆ, ಮೂರು ದಿನದಿಂದ ಭಾವ ಉತ್ತರ ಬರೆಯುತ್ತಿದ್ದಾರೆ, ಸದ್ದು ಮಾತ್ರ ಬರುತ್ತಿಲ್ಲ. ಅಡುಗೆಮನೆಯಲ್ಲಿ ಅಕ್ಕನ ಮಿಕ್ಸಿಯದು ತದ್ವಿರುದ್ಧ ಕಾಯಿಲೆ. ಸದ್ದು ಬಿಟ್ಟರೆ ಅದರಲ್ಲಿ ಬೇರೇನೂ ಬರುತ್ತಿರಲಿಲ್ಲ.

"ಎರಡು ತಿಂಗಳಾಯ್ತು ಕಣೋ, ಕಲ್ಲಲ್ಲಿ ಅರೀತಿದ್ದೀನಿ," ಎಂದಳು ಅಕ್ಕ. "ಆ ಬ್ರೆಜಿಲ್‌ನೋನಿಗೆ ಬರೆಯೋಕೆ ಹೇಳು ನಿಮ್ಮ ಭಾವಂಗೆ, ಬಂದು ನಮ್ಮ ಮಿಕ್ಸಿ ನೋಡ್ಲಿ ಅಂತ."

ಭಾವ ತಲೆಯೆತ್ತದೆ ಹೇಳಿದರು: "ಕೇಳಿದೋನಿಗೆ ಯಾರೂ ಉತ್ತರ ಕೊಡ್ದೆ ಇದ್ರೆ ಅವನಿಗೆ ಹೇಗಾಗುತ್ತೆ ಅಂತ ನಿಮಗೆ ಗೊತ್ತಿಲ್ಲ."

ನಾನು ಹೇಳಬೇಕೆಂದು ಹೋದದ್ದನ್ನು ಹೇಳದೆ, ಅಕ್ಕ ಕೊಟ್ಟ ಚಟ್ನಿಪುಡಿ ಹಿಡಿದುಕೊಂಡು ಮುಂದಿನ ಬಸ್ಸಿಗೆ ವಾಪಸಾದೆ.

ನಾನು ಹೇಳಲಾರದ್ದನ್ನು ಆ ಸಂಬಳವಿಲ್ಲದ ಜನರೇ ಹೇಳಿಬಿಟ್ಟರು. ಅವರ ಅಪ್‌ಡೇಟಿನ ಜೊತೆಗೆ ಒಂದು ಒಕ್ಕಣೆ ಬಂತು. ಹಳೆಯ ಬಗೆಯ ಕಂಪ್ಯೂಟರುಗಳಿಗೆಂದು ಎಲ್ಲವನ್ನೂ ಹೊಂದಿಸಿಕೊಡುತ್ತಿದ್ದವರು ಒಬ್ಬರೇ, ಅವರಿಗೆ ಇನ್ನು ಕೈಲಾಗದು. ವಹಿಸಿಕೊಳ್ಳುವವರು ಯಾರಾದರೂ ಇದ್ದರೆ ತಿಳಿಸಿ, ಇಲ್ಲವಾದರೆ ಇನ್ನೊಂದು ತಿಂಗಳಿಗೆ ಅಪ್‌ಡೇಟ್ ನಿಲ್ಲುತ್ತದೆ. ನನ್ನದು ಹಳೆಯ ಬಗೆಯದು. ಭಾವ ಹಂಚಿದವೆಲ್ಲ ಹಳೆಯ ಬಗೆಯವೇ.

ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ನನಗೆ ಹಿಗ್ಗಾಯಿತು. ಹೊಸ ಕಂಪ್ಯೂಟರು ಎಲ್ಲಿಡುವುದೆಂದು ಜಾಗವನ್ನೂ ನೋಡಿಟ್ಟೆ. ಭಾವ ಸ್ಟೂಲಿನ ಮೇಲೆ ಕೂತು ಒಕ್ಕಣೆಯನ್ನು ಮೂರು ಸಲ ಓದಿದರು.

"ಯಾರಾದ್ರೂ ಬರ್ತಾರೆ," ಎಂದರು.

ಮುಂದಿನ ಗುರುವಾರ ಕೇಳಿದೆ, "ಬಂದ್ರಾ ಭಾವ?" "ಇನ್ನೂ ಇಲ್ಲ." ಅದರ ಮುಂದಿನ ವಾರವೂ ಇಲ್ಲ. 'ನನಗೆ ಆ ಕೆಲಸ ಬರುವುದಿಲ್ಲ, ಕಲಿಸಿದರೆ ಮಾಡುತ್ತೇನೆ' ಎಂದು ಭಾವ ತಾವೇ ಬರೆದರಂತೆ. ಕಲಿಯಲು ವರ್ಷಗಳೇ ಬೇಕು, ಕಲಿಸುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ, ಕ್ಷಮಿಸಿ ಎಂದು ಆ ಕೆಲಸ ಬಿಡುತ್ತಿದ್ದವರು ಉತ್ತರಿಸಿದರಂತೆ. ಆಮೇಲಿನ ವಾರ ನಾನು ಕೇಳಲಿಲ್ಲ. ಭಾವನ ಮುಖ ನೋಡಿ ನನ್ನ ಹಿಗ್ಗೂ ಇಳಿದುಹೋಗಿತ್ತು.

ಕೊನೆಯ ಗುರುವಾರ ಅವರು ಸಂಜೆ ಬಂದರು. ಅಪ್‌ಡೇಟ್ ಯಾವ ತಕರಾರೂ ಇಲ್ಲದೆ ಮುಗಿಯಿತು. ಪ್ರಿಂಟರ್ ಕೂಡ ಗುರುತು ಸಿಕ್ಕು ನೆಟ್ಟಗೆ ಮುದ್ರಿಸಿತು. ಭಾವ ಕರ್ಚೀಫಿನಿಂದ ಕೀಬೋರ್ಡಿನ ಒಂದೊಂದೇ ಕೀಲಿ ಒರೆಸಿದರು. ಪುಸ್ತಕ ತೆಗೆದು ಬರೆದರು. ಕಂಡದ್ದು: ಎಲ್ಲ ಸರಿ. ಮಾಡಿದ್ದು: ಕೊನೆಯ ಅಪ್‌ಡೇಟ್. ಮೂರನೆಯ ಕಲಂನಲ್ಲಿ ಪೆನ್ನು ನಿಂತಿತು. ಏನೂ ಬರೆಯದೆ ಎದ್ದು, ನೀರು ಕುಡಿಯಲು ಒಳಗೆ ಹೋದರು.

ಏನು ಮಾಡಬೇಕೆಂದು ತೋಚದೆ ನಾನು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋದೆ. ಗುರುವಾರಗಳು, ಗುರುವಾರಗಳು, ಎಲ್ಲದರ ಕೆಳಗೂ ನನ್ನ ಸಹಿ. ಪುಸ್ತಕದ ನಡುವಿಗೆ ಬಂದಾಗ ಅದೇ ಅಕ್ಷರ, ವಿಷಯ ಬೇರೆ. ಅದು ಮಿಲ್ಲಿನಲ್ಲಿ ಭಾವ ಬರೆದ ಕೊನೆಯ ಪುಟ. ಮೊದಲನೇ ಪಾಳಿ, ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡು ಗಂಟೆ. ಕಂಡದ್ದು: ಎಲ್ಲ ಸರಿ. ಮಾಡಿದ್ದು: ಮೆಷಿನ್ ನಿಲ್ಲಿಸಿದೆ, ಒರೆಸಿದೆ. ಮುಂದಿನ ಪಾಳಿಗೆ: ಡ್ರೈಯರ್ ಪಕ್ಕದ ಉಗಿಯ ಒತ್ತಡದ ಗೇಜು ಸ್ವಲ್ಪ ಹೆಚ್ಚು ತೋರಿಸುತ್ತಿದೆ, ನಂಬಬೇಡಿ. ಅದರ ಕೆಳಗೆ ಸಹಿಯ ಜಾಗ ಖಾಲಿ.

ಭಾವ ನನ್ನ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಅವತ್ತು ರಿಲೀವ್ ಮಾಡೋಕೆ ಯಾರೂ ಬರ್ಲಿಲ್ವಾ ಭಾವ?"

"ಯಾರು ಬರ್ತಾರೆ? ಮುಂದಿನ ಶಿಫ್ಟೇ ಇರ್ಲಿಲ್ಲ. ಸಂಜೆವರೆಗೂ ನಿಂತಿದ್ದೆ. ಸೆಕ್ಯುರಿಟಿಯೋರು ಗೇಟ್ ಹಾಕ್ಬೇಕು ಅಂದ್ರು."

"ಆಮೇಲೆ ಮನೆಗೆ ಬಂದ್ರಿ."

"ಎಲ್ಲಿ ಬಂದೆ ಮಾರಾಯ? ಸೈನ್ ಆಗ್ದೆ ಹೇಗೆ ಬರೋದು."

ಇಷ್ಟು ವರ್ಷ ಈ ಮನುಷ್ಯನನ್ನು ನಾನು ಆಡಿಕೊಂಡು ನಕ್ಕಿದ್ದೆ. ಕಾಗದನಗರದಲ್ಲಿ, ನನ್ನ ಅಂಗಡಿಯಲ್ಲಿ, ಆ ಬ್ರೆಜಿಲ್‌ನವನ ಲ್ಯಾಪ್‌ಟಾಪಿನ ಬಳಿ, ಅವರು ಪಾಳಿ ಮುಗಿಯದವರಂತೆ ನಿಂತೇ ಇದ್ದರು. ನಾನು ಪೆನ್ನು ತೆಗೆದುಕೊಂಡು ಆ ಹಳೆಯ ಪುಟದ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ.

"ನಾನು ಬಂದಿದ್ದೀನಿ ಭಾವ. ನೀವು ಹೊರಡಿ."

ಅವರು ಬಗ್ಗಿ ನೋಡಿದರು. "ಟೈಮ್ ಹಾಕು," ಎಂದರು.

ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತಾಗಿತ್ತು. ನಾನು 'ಎರಡು ಗಂಟೆ' ಎಂದು ಬರೆದೆ. ಭಾವ ಗಡಿಯಾರ ನೋಡಿದರು, ಪುಟ ನೋಡಿದರು, ಹೊಡೆದುಹಾಕು ಎನ್ನಲಿಲ್ಲ. ಪುಸ್ತಕವನ್ನು ನನ್ನ ಮೇಜಿನ ಮೇಲೇ ಬಿಟ್ಟು, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಿಳಿದು ತಿರುಗಿ ನೋಡಿದರು.

"ಬರ್ತೀನಿ ಮಾರಾಯ. ಆ ಗೇಜನ್ನ ಮಾತ್ರ ನಂಬಬೇಡ."