ಪಕ್ಕದ ಮನೆಯ ಸಾರು

ರಾದ್ಧಾಂತವೆಲ್ಲ ಶುರುವಾದದ್ದು ಒಂದು ರಾಗಿ ಮುದ್ದೆಯಿಂದ. ಹುಣಸೂರಿನ ಬಸ್‌ಸ್ಟ್ಯಾಂಡಿನೆದುರು ಹೋಟೆಲು ಇಟ್ಟು ಮಡಿಕೇರಿಗೂ ಮೈಸೂರಿಗೂ ಹೋಗುವವರ ಹೊಟ್ಟೆ ತುಂಬಿಸುತ್ತಿದ್ದ ಕಂಠಪ್ಪನಿಗೆ ಹೆತ್ತ ತಾಯಿಗೆ ಒಂದು ತುತ್ತು ಉಣ್ಣಿಸಲಾಗಲಿಲ್ಲ. ಶಿವನಂಜಮ್ಮನಿಗೆ ಅರಳು ಮರಳು. ಉಂಡದ್ದು ಮರೆಯುತ್ತಿತ್ತು, ಮಗನ ಹೆಸರೂ ಮರೆಯುತ್ತಿತ್ತು. ಅನುಮಾನವೊಂದು ಮಾತ್ರ ಹಾಗೇ ಉಳಿದಿತ್ತು. ಒಂದು ದಿನ ಸೊಸೆ ಮಂಗಳಗೌರಿ ಇಟ್ಟ ಮುದ್ದೆಯನ್ನು ಮೂಸಿ ನೋಡಿ, ಇದಕ್ಕೆ ಮದ್ದು ಹಾಕಿದ್ದಾಳೆಂದು ತಟ್ಟೆ ತಳ್ಳಿದ ಮುದುಕಿ, ಆಮೇಲೆ ಮನೆಯಲ್ಲಿ ಏನನ್ನೂ ಮುಟ್ಟಲಿಲ್ಲ. ಕಂಠಪ್ಪ ಎದುರಿಗೇ ಕೂತು ಅದೇ ತಟ್ಟೆಯಿಂದ ತಿಂದು ತೋರಿಸಿದ.

"ನಿಂಗೆ ಆಗ್ಲೇ ಮದ್ದು ಇಕ್ಕವ್ಳೆ ಬುಡು," ಎಂದಳು ತಾಯಿ.

ಮುದುಕಿಯ ಕೆನ್ನೆ ಒಳಗೆ ಹೋಯಿತು. ತಾಯಿ ಉಪವಾಸ ಬಿದ್ದು ಸತ್ತರೆ ಗತಿಯೇನೆಂದು ಕಂಠಪ್ಪ ಹಿತ್ತಲಲ್ಲಿ ನಿಂತು ಅತ್ತೂಬಿಟ್ಟ. ದಾರಿ ತೋರಿಸಿದವಳು ಪಕ್ಕದ ಮನೆಯ ಸುನಂದಮ್ಮ. ಮಂಗಳಗೌರಿಯ ಅಡುಗೆಯನ್ನೇ ಕಂಠಪ್ಪ ಟವೆಲಿನಡಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಅವಳಿಗೆ ತಲುಪಿಸುವುದು, ಮುದುಕಿ ಮುಂಬಾಗಿಲಿಂದ ಹೋಗಿ ಅದನ್ನೇ ಉಣ್ಣುವುದು. ಶಿವನಂಜಮ್ಮ ಬೆರಳು ನೆಕ್ಕಿಕೊಂಡು ಉಂಡಳು. ಆಮೇಲೆ ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತು, ಸುನಂದಮ್ಮನ ಕೈರುಚಿಯನ್ನು ಹೊಗಳುತ್ತ, ಮಗ ಸೊಸೆ ತನಗೆ ಹಿಟ್ಟು ಹಾಕುವುದಿಲ್ಲವೆಂದು ಹೋಗಿಬರುವವರಿಗೆಲ್ಲ ಹೇಳತೊಡಗಿದಳು.

ಊರಿಗೆ ಇಷ್ಟು ಸಾಕಲ್ಲ! ಒಂದು ಸೋಮವಾರ ಬೆಳಿಗ್ಗೆ ಹೋಟೆಲಿಗೆ ಬಂದ ಹೊಗೆಸೊಪ್ಪಿನ ವ್ಯಾಪಾರಿಗಳು ಇಡ್ಲಿ ಮುರಿದು ಒಳಗೇನಿದೆಯೆಂದು ನೋಡಿದರು. ಹೆತ್ತವಳೇ ತಿನ್ನದ ಊಟ ಎಂಥದ್ದೋ ಎಂದು ಒಬ್ಬ ಗೊಣಗಿದ. ಯಾವಾಗಲೂ ಹೊಟ್ಟೆ ಬಿರಿಯ ತಿನ್ನುತ್ತಿದ್ದ ಮಡಿಕೇರಿ ಬಸ್ಸಿನ ಡ್ರೈವರು ಬಾಳೆಹಣ್ಣೊಂದನ್ನು ತಿರುಗಿಸಿ ತಿರುಗಿಸಿ ನೋಡಿ, ಅದನ್ನೂ ಅಲ್ಲೇ ಇಟ್ಟು ಹೋದ.

ಮಧ್ಯಾಹ್ನ ಕಂಠಪ್ಪ ಪಾತ್ರೆ ಹಿಡಿದು ಸುನಂದಮ್ಮನ ಹಿತ್ತಲಿಂದ ಹೊರಬರುವಾಗ, ಬೀದಿಯ ಯಜಮಾನ ಪುಟ್ಟಮಲ್ಲಪ್ಪ ಕಾದು ನಿಂತಿದ್ದ. ಯಾರ ಮನೆಯ ಒಲೆ ಹೊಗೆಯಾಡಿದರೂ ತನಗೆ ಗೊತ್ತಾಗಬೇಕೆನ್ನುವ ಆಸಾಮಿ. ಟವೆಲು ಎತ್ತಿ ನೋಡಿದ. ಪಾತ್ರೆಯ ತಳದಲ್ಲಿ ಸಾರಿನ ಪಸೆ.

"ತಾಯಿಗೆ ಇಕ್ಕಾದಂತೂ ಇಲ್ಲ. ಆವಮ್ಮ ಪುಣ್ಯಕ್ಕೆ ಇಕ್ಕಿದ್ದನ್ನೂ ಕದ್ದು ತಿಂತೀಯೇನ್ಲಾ?"

ರೆಟ್ಟೆ ಹಿಡಿದು ಸುನಂದಮ್ಮನ ಮನೆಯ ಮುಂದಿನ ಜಗಲಿಗೆ ಎಳೆದು ತಂದ. ಜನ ಸೇರಿದರು. ಒಳಗೆ ತಾಯಿ ಉಣ್ಣುತ್ತಿದ್ದಳು. ಸುನಂದಮ್ಮ ನಿಜ ಹೇಳಲು ಬಾಯಿ ತೆರೆದಾಗ ಕಂಠಪ್ಪ ಬೇಡವೆಂದು ಕಣ್ಣಲ್ಲೇ ಬೇಡಿಕೊಂಡ. ನಿಜ ಗೊತ್ತಾದರೆ ಮುದುಕಿ ಕೈಯಲ್ಲಿದ್ದ ತುತ್ತನ್ನೂ ಎಸೆಯುತ್ತಾಳೆ. ಕದಿಯದಿದ್ದರೂ ತಪ್ಪಾಯಿತೆಂದು ಒಪ್ಪಿ, ಯಜಮಾನ ಹೇಳಿದಂತೆ ಒಳಗೆ ಹೋಗಿ ತಾಯಿಯ ಕಾಲಿಗೆ ಬಿದ್ದ.

ಶಿವನಂಜಮ್ಮ ಮಗನನ್ನು ನೋಡಿದಳು, ನೆರೆದವರನ್ನು ನೋಡಿದಳು, ಮುದ್ದೆಯನ್ನು ನೋಡಿದಳು. ಮೆಲ್ಲಗೆ ತಟ್ಟೆ ತಳ್ಳಿದಳು.

"ಈಗ ಗೊತ್ತಾಯ್ತು ಕಣ್ರಪ್ಪ. ನನ್ ಮನೆ ಬುಟ್ಟು ಎರಡೊತ್ತೂ ಇವಳ ಬಾಗಿಲಿಗೇ ಕಾಲು ಎಳೀತದಲ್ಲ, ಮದ್ದು ಇಕ್ಕಿರೋಳು ಇವಳೇ."

ಸುನಂದಮ್ಮನ ಕೈಯಿಂದ ಸೌಟು ಬಿತ್ತು. ಪಾಪ, ಕಂಠಪ್ಪನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಹಂಗಾದ್ರೆ ನಮ್ಮನೆಗೆ ಬಾ ಅವ್ವ ಎಂದು ಕೈ ಚಾಚಿದ. ಮುದುಕಿ ಆ ಕೈ ದಾಟಿ ಹೋಗಿ ಪುಟ್ಟಮಲ್ಲಪ್ಪನ ತೋಳು ಹಿಡಿದಳು.

"ನ್ಯಾಯವಾಗಿ ಮಾತಾಡೋನು ನೀನೊಬ್ನೇ ಕಣಪ್ಪ. ಇನ್ನು ನಿಮ್ಮನೇಲೇ ಉಣ್ತೀನಿ."

ಜನ ತಲೆದೂಗಿದರು. ಅಷ್ಟು ಜನರೆದುರು ಪುಟ್ಟಮಲ್ಲಪ್ಪ ಇಲ್ಲವೆನ್ನಲಾರದೆ, ಹೆಂಡತಿಗೆ ಏನು ಹೇಳುವುದೆಂದು ಬೆವರಿದ. ಕಂಠಪ್ಪ ಅವನನ್ನು ಮೂಲೆಗೆ ಕರೆದು ಗುಟ್ಟು ಹೇಳಿ, ಇನ್ನು ಊಟ ತಾನೇ ಅವನ ಮನೆಗೆ ಮುಟ್ಟಿಸುತ್ತೇನೆಂದ. ಮನೆಯಲ್ಲಿ ಬೇಯಿಸುವ ತಾಪತ್ರಯವಿಲ್ಲ, ಊರಲ್ಲಿ ಹೆಸರು ಬೇರೆ. ಯಜಮಾನನ ಮುಖ ಅರಳಿತು. ಆದರೆ ವಿಷಯ ಹೊರಗೆ ಯಾರಿಗೂ ತಿಳಿಯಕೂಡದೆಂದು ಆಣೆ ಹಾಕಿಸಿಕೊಂಡ.

ಪುಟ್ಟಮಲ್ಲಪ್ಪನ ಮನೆ ಬಸ್‌ಸ್ಟ್ಯಾಂಡಿನ ಆಚೆ. ಸಂಜೆ ಕಂಠಪ್ಪ ಟವೆಲಿನಡಿ ಪಾತ್ರೆ ಮುಚ್ಚಿಕೊಂಡು ತನ್ನ ಹೋಟೆಲಿನ ಮುಂದೆಯೇ ತಲೆ ತಗ್ಗಿಸಿ ಹಾದುಹೋಗಬೇಕಾಯಿತು. ಒಳಗೆ ಉಳಿದಿದ್ದ ಒಬ್ಬನೇ ಗಿರಾಕಿ ಅವನನ್ನು ನೋಡಿ, ತಿನ್ನುತ್ತಿದ್ದ ದೋಸೆ ಬಿಟ್ಟು ಎದ್ದ.

"ನೋಡ್ರಪ್ಪ, ಹೋಟ್ಲು ಯಜಮಾನನೇ ಊಟಕ್ಕೆ ಪಾತ್ರೆ ಇಡ್ಕೊಂಡು ಪುಟ್ಟಮಲ್ಲಪ್ಪನೋರ ಮನೆಗೆ ಹೋಯ್ತಾವ್ನೆ."