ಪ್ರಮಾಣಪತ್ರ ಮತ್ತು ಒಂದು ತೊರಕೆ

ತಿಳಿದವನೆಂಬ ಚೀಟಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡ ಮೇಲೆ ಮನುಷ್ಯನಿಗೆ ಕಣ್ಣು ಕಾಣಿಸುವುದು ಸ್ವಲ್ಪ ಕಡಿಮೆಯಾಗುತ್ತದೆ. ಬೇರೆಯವರನ್ನು ನೋಡಿ ಹೇಳುತ್ತಿರುವ ಮಾತಲ್ಲ ಇದು. ಬ್ರಹ್ಮಾವರದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನಾನು, ಬೈಂದೂರಿನ ಒಂದು ಸಭಾಭವನದಲ್ಲಿ ನಡೆದ ಒಂದು ದಿನದ ತರಬೇತಿಯಲ್ಲಿ ಕಡಲಜೀವಿಗಳನ್ನು ಗುರುತಿಸುವ ಮಾರ್ಗದರ್ಶಿಯಾದೆ. ಕಡಲು ಅಲ್ಲಿಂದ ದೂರವೇನಿರಲಿಲ್ಲ; ಚಿತ್ರಗಳು ಸ್ಪಷ್ಟವಾಗಿ ಕಾಣಲೆಂದು ಕಿಟಕಿಗಳನ್ನು ಮುಚ್ಚಿದ್ದರು. ಊಟಕ್ಕೆ ಮುಂಚೆ ಏಡಿ, ಶಂಖ, ನಕ್ಷತ್ರಮೀನು. ಊಟವಾದ ಮೇಲೆ, ನನಗೆ ತೂಕಡಿಕೆ ಹತ್ತಿದಾಗ, ತೊರಕೆ. ಚಿತ್ರದಲ್ಲಿ ಅದು ಗಾಜಿನ ತೊಟ್ಟಿಗೆ ಹೊಟ್ಟೆ ಒತ್ತಿಕೊಂಡು ನಗುತ್ತಿರುವಂತೆ ಕಾಣುವ ಚಪ್ಪಟೆ ಮೀನು. ಸಂಜೆ ಪ್ರಮಾಣಪತ್ರ ಕೊಟ್ಟರು, ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಸಿ.

ಮುಂದಿನ ಭಾನುವಾರ ನೀರಿಳಿದ ಹೊತ್ತಿಗೆ ಕುಂದಾಪುರದ ಕೋಡಿ ಕಡಲತೀರದಲ್ಲಿ, ಜೀವಿಗಳನ್ನು ನೋಡಲು ಬಂದ ಆರು ಜನರನ್ನು ಹಿಂದಿಟ್ಟುಕೊಂಡು ಹೊರಟೆ. ಜೀವಿಗಳಿಗೆ ತೊಂದರೆ ಕೊಡಬಾರದೆಂದು ತರಬೇತಿಯಲ್ಲಿ ಹೇಳಿದ್ದರಲ್ಲ, ಹಾಗಾಗಿ ಮೊಣಕಾಲು ಮುಟ್ಟದ ನೀರಿನಲ್ಲಿ ಪ್ರತಿ ಹೆಜ್ಜೆಯನ್ನೂ ಎತ್ತರಕ್ಕೆ ಎತ್ತಿ ಮೆಲ್ಲಗೆ ಇಡುತ್ತಿದ್ದೆ. ಉಳಿದವರಿಗೂ ಹಾಗೆಯೇ ಮಾಡಲು ಹೇಳಿದ್ದೆ. ಮುಂದೆ ಚಿಪ್ಪು ಹೆಕ್ಕುವ ಗುಲಾಬಕ್ಕ ಬುಟ್ಟಿ ಹಿಡಿದು, ಮರಳು ಕೆದರುತ್ತ, ಕಾಲೆಳೆದುಕೊಂಡು ಹೋಗುತ್ತಿದ್ದರು. “ನೋಡಿ, ವರ್ಷಗಟ್ಟಲೆ ಉಪ್ಪುನೀರಲ್ಲಿ ನಿಂತರೆ ಮೊಣಕಾಲಿನ ಗತಿ ಹೀಗಾಗುತ್ತದೆ” ಎಂದು ತಂಡಕ್ಕೆ ವಿವರಿಸಿದೆ. ಅಷ್ಟಕ್ಕೇ ಸುಮ್ಮನಿರದೆ, ನನ್ನ ಹೆಂಡತಿ ಮಂಡಿನೋವಿಗೆ ಹಚ್ಚಿಕೊಳ್ಳುವ ಎಣ್ಣೆಯ ಹೆಸರನ್ನು ಗುಲಾಬಕ್ಕನಿಗೆ ಕೂಗಿ ಹೇಳಿದೆ.

ಅವರು ತಿರುಗಿ ನೋಡಿದರು. ನನ್ನನ್ನಲ್ಲ, ನಾನು ಕಾಲಿಡಲಿದ್ದ ಜಾಗವನ್ನು.

“ಹ್ವಾಯ್! ಆ ಕಾಲ್ ಕೆಳ್ಗ್ ಇಡ್ಬೇಡಿ!”

ಬಲಗಾಲು ಗಾಳಿಯಲ್ಲೇ ನಿಂತಿತು. ಕೆಳಗೆ ನೋಡಿದೆ, ಮರಳು. ಮತ್ತೊಮ್ಮೆ ನೋಡಿದೆ, ಮರಳಿನಲ್ಲಿ ಎರಡು ಕಣ್ಣು. ಹೆದರಿದವನ ಮಾತೆಂದು ತಳ್ಳಿಹಾಕಬಾರದು, ಅದಕ್ಕೇ ಅಳತೆಯನ್ನೂ ಹೇಳಿಬಿಡುತ್ತೇನೆ: ನನ್ನ ಹಿಮ್ಮಡಿಗೂ ಆ ಕಣ್ಣುಗಳಿಗೂ ಎರಡು ಗೇಣು. “ಅದೆಂತ ಸರ್?” ಎಂದು ಹಿಂದಿನಿಂದ ಯಾರೋ ಕೇಳಿದರು. ಮಾರ್ಗದರ್ಶಿ ಒಂಟಿಗಾಲಲ್ಲಿ ನಿಂತು ಗುಲಾಬಕ್ಕನ ಕಡೆ ನೋಡಿದ.

“ತೊರ್ಕೆ ಮಾರ್ರೆ, ತೊರ್ಕೆ! ಮೆಟ್ರೆ ಬಾಲದ್ ಮುಳ್ಳಗ್ ಹೊಡಿತ್ತ್. ನಮ್ಮನಿಯವ್ರ್ ಮೆಟ್ಟಿ ಒಂದ್ ತಿಂಗ್ಳ್ ಚಾಪಿ ಬಿಟ್ಟ್ ಏಳ್ಲಿಲ್ಲ” ಎನ್ನುತ್ತ ಗುಲಾಬಕ್ಕ ಕಾಲೆಳೆಯುತ್ತಲೇ ಹತ್ತಿರ ಬಂದರು. ಮರಳು ಕದಡಿದ್ದೇ ತಡ, ದೋಸೆ ಕಾವಲಿಯಷ್ಟು ಅಗಲದ ನೆಲ ಎದ್ದು, ಬಾಲ ಬೀಸಿಕೊಂಡು ಹೊರಟೇ ಹೋಯಿತು. “ಕಾಲ್ ಎಳ್ಕಂಡ್ ಹೋರೆ ಅದೇ ಹೆದ್ರಿ ಓಡತ್ತ್. ಕೊಕ್ಕರಿ ಹಾಂಗೆ ಎತ್ತಿ ಎತ್ತಿ ಇಟ್ರೆ ಅದ್ಕ್ ಹ್ಯಾಂಗ್ ಗೊತ್ತಾಯ್ಕ್? ನಂಗ್ ಮಂಡಿನೋವ್ ಇಲ್ಲ. ಆ ಎಣ್ಣಿ ನೀವೇ ಹಚ್ಕಣಿ.”

ದಡದವರೆಗೆ ನಾವು ಏಳೂ ಜನ ಗುಲಾಬಕ್ಕನ ಹಿಂದೆ ಸಾಲಾಗಿ ಕಾಲೆಳೆಯುತ್ತ ಬಂದೆವು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ತರಬೇತಿಯವರಿಗೆ ಕಳಿಸಬೇಕಿದ್ದ ವರದಿಯಲ್ಲಿ ‘ಕಂಡ ಜೀವಿ: ತೊರಕೆ’ ಎಂದು ಬರೆದೆ. ‘ಗುರುತಿಸಿದವರು’ ಎಂಬಲ್ಲಿ ಪೆನ್ನು ತುಸು ತಡೆಯಿತು. ಪ್ರಮಾಣಪತ್ರವಿದ್ದವರ ಹೆಸರನ್ನಷ್ಟೇ ಬರೆಯಬೇಕೆಂಬ ನಿಯಮವಿತ್ತು, ನನ್ನದನ್ನೇ ಬರೆದೆ.

ಆದರೆ ಕಾಲುಗಳು ನಿಯಮ ಕೇಳಲಿಲ್ಲ. ಮನೆಗೆ ಬಂದ ಮೇಲೂ ಜಗಲಿಯಿಂದ ಅಡುಗೆಮನೆಗೆ ನೆಲ ಉಜ್ಜಿಕೊಂಡೇ ಹೋಗುತ್ತಿದ್ದವು. ಹೆಂಡತಿ ಎರಡು ದಿನ ನೋಡಿದಳು. ಮೂರನೆಯ ದಿನ ಎಣ್ಣೆಯ ಬಾಟಲಿ ಹಿಡಿದು ಬಂದಳು. “ಮಂಡಿನೋವ್ ಅಂದ್ ಹೇಳುಕ್ ಎಂತ ನಾಚ್ಕಿ ನಿಮ್ಗೆ? ಇಲ್ಲಿ ಕೂಕಣಿ.”

ಬೇಡವೆನ್ನಬೇಕಾದರೆ ನಡೆದದ್ದನ್ನೆಲ್ಲ ಹೇಳಬೇಕಿತ್ತು. ಎರಡೂ ಕಾಲು ಚಾಚಿ ಕುಳಿತೆ.