ಪೆನಿಸಿಮಾನಿ ಒಬ್ಬನೇ ಕೂರಬೇಕಾದ ದಿನ

ಬೆಳಿಗ್ಗೆ ಬೇಲಿಯಾಚೆಯಿಂದ ಹಾವೆಯಾ ಮೀನಿಗೆ ಹೋಗೋಣ ಬಾ ಎಂದು ಕರೆದಾಗ ಪೆನಿಸಿಮಾನಿ, "ಇವತ್ತು ಬೇಡಪ್ಪ, ನಾನು ಒಬ್ಬನೇ ಇರ್ಬೇಕು" ಎಂದ. ಅಂದದ್ದು ಇಷ್ಟೇ. ಆದರೆ ನಮ್ಮ ಟೋಂಗಾದಲ್ಲಿ ಒಬ್ಬನೇ ಇರಬೇಕು ಎನ್ನುವವನು ಒಂದೋ ಜ್ವರ ಬಂದವನು, ಇಲ್ಲವೇ ಬಾಳು ಬೇಸರವಾದವನು. ಅದರಲ್ಲೂ ಹೆಂಡತಿಯನ್ನು ಮಣ್ಣು ಮಾಡಿ ವರ್ಷ ತುಂಬದ, ಇನ್ನೂ ಕಪ್ಪು ಬಟ್ಟೆ ಬಿಡದ ಗಂಡಸು ಹಾಗೆಂದರೆ ಕೇಳಿದವರು ಸುಮ್ಮನಿರುವುದುಂಟೆ? ಹಾವೆಯಾ ಬಲೆಯನ್ನು ದೋಣಿಯಲ್ಲೇ ಬಿಟ್ಟು ಊರೊಳಗೆ ನಡೆದ.

ಪೆನಿಸಿಮಾನಿಗೆ ಅಂದು ಮಧ್ಯಾಹ್ನ ಪರೀಕ್ಷೆ ಇತ್ತು. ಊರ ಚರ್ಚಿನಲ್ಲಿ ಅವನು ಬಹುಕಾಲದಿಂದ ಉಪದೇಶಿ. ಸಭಾಪಾಲಕರು ತೀರಿಕೊಂಡ ಮೇಲೆ ಆ ಜಾಗ ಖಾಲಿ ಬಿದ್ದಿತ್ತು. ಪದವಿ ಇಲ್ಲದವನಿಗೆ ಅದು ಸಿಗುವುದಿಲ್ಲ. "ನೀನೇ ಓದಿ ಆಗು" ಎಂದು ಹಟ ಹಿಡಿದು ಅವನನ್ನು ಆಕ್ಲೆಂಡಿನ ಕಾಲೇಜೊಂದರ ಆನ್‌ಲೈನ್ ದೈವಶಾಸ್ತ್ರಕ್ಕೆ ಸೇರಿಸಿದವಳು ಹೆಂಡತಿ ವೈಮೋವಾನಾ. ಸಂಜೆ ಹೊತ್ತು ಅವಳು ಬೈಬಲ್ ಹಿಡಿದು ಪ್ರಶ್ನೆ ಕೇಳುವಳು, ಇವನು ಉತ್ತರ ಹೇಳುವನು. ಅವಳು ಹೋದಳು, ಓದು ಉಳಿಯಿತು. ಹಳೆಯ ಒಡಂಬಡಿಕೆಯ ಮೌಖಿಕ ಪರೀಕ್ಷೆಯೊಂದೇ ಬಾಕಿ. ಒಮ್ಮೆ ಕರೆಂಟು ಹೋಗಿ, ಇನ್ನೊಮ್ಮೆ ನಾಲಿಗೆ ಕಟ್ಟಿ ನಪಾಸಾಗಿದ್ದ. ಇದು ಕೊನೆಯ ಅವಕಾಶ. ಅವಳಿಗೆ ಕೊಟ್ಟ ಮಾತು ಇದರಲ್ಲೇ ಉಳಿಯಬೇಕು, ಇಲ್ಲವೇ ಇದರಲ್ಲೇ ಮುಳುಗಬೇಕು.

ಕಾಲೇಜಿನ ನಿಯಮವೂ ಸುಲಭದ್ದಲ್ಲ. ಅಭ್ಯರ್ಥಿ ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಒಬ್ಬನೇ ಕೂರಬೇಕು, ಬೇರೆಯವರ ನೆರಳೂ ಬೀಳಕೂಡದು. ಈ ನಿಯಮ ಬರೆದವರು ನಮ್ಮ ಊರುಗಳನ್ನು ಕಂಡವರಲ್ಲ.

ಸ್ವಲ್ಪ ಹೊತ್ತಿಗೆಲ್ಲ ಹಾವೆಯಾನ ಹೆಂಡತಿ ಬೇಯಿಸಿದ ಗೆಣಸು ಹಿಡಿದು ಬಂದಳು. ಅವಳ ಹಿಂದೆ ಚರ್ಚಿನ ಗಾಯಕಿಯರು ಬಂದು ಜಗಲಿಯಲ್ಲಿ ಕೂತು ಸಾವಿನ ಮನೆಯ ಹಾಡು ತೆಗೆದರು. ಚರ್ಚಿನ ಮೇಲ್ವಿಚಾರಕ ಕಿಲಿಫಿ ಪೆನಿಸಿಮಾನಿಯ ಎರಡೂ ಕೈ ಹಿಡಿದುಕೊಂಡು, ದುಡುಕಬೇಡ, ದೇವರು ಕೊಟ್ಟ ಜೀವ ಎಂದು ಬುದ್ಧಿ ಹೇಳತೊಡಗಿದ. ಪೆನಿಸಿಮಾನಿ ಬೇರೆ ದಾರಿ ಕಾಣದೆ ಪರೀಕ್ಷೆಯ ಸಂಗತಿ ಬಾಯಿಬಿಟ್ಟ.

ಅದು ಬೆಂಕಿಗೆ ತುಪ್ಪ ಸುರಿದಂತಾಯಿತು. ಇಂಥ ದಿನ ಒಬ್ಬನನ್ನೇ ಬಿಡುವುದೇ, ಊರಿಗೆ ನಾಚಿಕೆಯಲ್ಲವೇ ಎಂದರು. ಕಿಲಿಫಿ ಪ್ರಾರ್ಥನೆಗೆ ತೊಡಗಿ ಮೋಶೆಯಿಂದ ಹಿಡಿದು ಪೌಲನವರೆಗೆ ಎಲ್ಲರನ್ನೂ ಸಹಾಯಕ್ಕೆ ಕರೆದ. ಪೆನಿಸಿಮಾನಿ ಕೈ ಮುಗಿದು, ಬೇಡಿ, ಅವರನ್ನೆಲ್ಲ ಅಂಗಳದಲ್ಲಿದ್ದ ದೊಡ್ಡ ದೀವಿಹಲಸಿನ ಮರದ ಕೆಳಗೆ ಕಳಿಸುವ ಹೊತ್ತಿಗೆ ಓದಿದ್ದರಲ್ಲಿ ಅರ್ಧ ಬೆವರಿನೊಂದಿಗೆ ಹರಿದುಹೋಗಿತ್ತು.

ಇನ್ನೇನು ಬಾಗಿಲು ಹಾಕಬೇಕು, ಲೋಸಾಲಿನೆ ಬಂದಳು. ಅವನ ಸೋದರತ್ತೆ. ನಮ್ಮಲ್ಲಿ ಸೋದರತ್ತೆಗೆ ಎದುರಾಡುವ ಗಂಡಸು ಹುಟ್ಟಿಲ್ಲ, ಹುಟ್ಟಿದ್ದರೆ ಅವನಿಗೆ ಅಪ್ಪನ ಮನೆಯಲ್ಲಿ ಜಾಗವಿಲ್ಲ. ಅವಳು ಚಾಪೆಯ ಮೇಲೆ ಕಾಲು ಮಡಚಿ ಕೂತು, "ನಾನು ಉಸಿರೂ ಬಿಡಲ್ಲ, ನೀನು ನಿನ್ನ ಪಾಡಿಗೆ ಹೇಳು" ಎಂದಳು. ಅತ್ತೆ ಒಳಗೆ ಕೂತದ್ದನ್ನು ಕಂಡು ಮರದ ಕೆಳಗಿನವರೂ ಒಳಗೆ ಬಂದು ಕೂತರು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷಕಿಯ ಮುಖ ಮೂಡಿತು.

ಡಾಕ್ಟರ್ ಅಕನೆಸಿ ಟೋಂಗಾ ಮೂಲದವಳೇ, ಹುಟ್ಟಿ ಬೆಳೆದದ್ದು ಆಕ್ಲೆಂಡಿನಲ್ಲಿ. ಕ್ಯಾಮೆರಾ ತಿರುಗಿಸಿ ಕೋಣೆ ತೋರಿಸಲು ಹೇಳಿದಳು. ಪೆನಿಸಿಮಾನಿ ಗಲ್ಲಿಗೆ ಹೋಗುವವನ ಹಾಗೆ ನಿಧಾನವಾಗಿ ತಿರುಗಿಸಿದ. ಅತ್ತೆ, ಹಾವೆಯಾ, ಗಾಯಕಿಯರ ಸಾಲು, ಕಣ್ಣು ಮುಚ್ಚಿದ ಕಿಲಿಫಿ, ಗೆಣಸಿನ ಪಾತ್ರೆ, ಎಲ್ಲವೂ ಬಂದವು.

"ಕ್ಷಮಿಸಿ. ನಿಯಮದ ಪ್ರಕಾರ ನಾನು ಇಲ್ಲಿಗೇ ನಿಲ್ಲಿಸ್ಬೇಕಾಗುತ್ತೆ" ಎಂದಳು ಅವಳು. ಪೆನಿಸಿಮಾನಿ ಅತ್ತೆಯ ಕಡೆ ತಿರುಗಿದ.

ಆಗ ಲೋಸಾಲಿನೆ ಕಂಪ್ಯೂಟರಿನ ಮುಂದೆ ಬಂದು ಕೂತಳು. "ಯಾರ ಮಗಳಮ್ಮ ನೀನು?"

ಹಿರಿಯರು ಕೇಳಿದರೆ ಉತ್ತರ ಕೊಡದಿರುವುದು ಡಾಕ್ಟರಿಗೂ ಆಗದು. ತಂದೆ ತೀರಿಕೊಂಡಿದ್ದಾರೆ, ತಂದೆಯ ತಂದೆ ವಾವಾಉ ದ್ವೀಪದ ಫಿಲಿಮೋನೆ, ದೋಣಿ ಕಟ್ಟುವವರು ಎಂದಳು.

"ಅಯ್ಯೋ ನಮ್ಮ ಫಿಲಿಮೋನೆ ದೊಡ್ಡಪ್ಪ. ನಮ್ಮಜ್ಜಿ ಅವರನ್ನ ಎಳೇ ಕೂಸಿದ್ದಾಗ್ಲೇ ವಾವಾಉದೋರಿಗೆ ಸಾಕೋಕೆ ಕೊಟ್ಟಿದ್ದಳು. ಹಾಗಾದ್ರೆ ನಾನು ನಿನಗೂ ಸೋದರತ್ತೇನೆ ಮಗಳೆ. ಬೇರೆಯವರು ಇರ್ಬಾರ್ದು ಅಂತ ತಾನೆ ನಿಮ್ಮ ನಿಯಮ? ಇಲ್ಲಿ ಬೇರೆಯವರು ಯಾರಿದ್ದಾರೆ?"

ಅಕನೆಸಿಯ ಕಣ್ಣು ತುಂಬಿತು. ಅಪ್ಪ ಸತ್ತ ಮೇಲೆ ಅವನ ಕಡೆಯವರ ದನಿ ಕೇಳುತ್ತಿರುವುದು ಇದೇ ಮೊದಲು ಎಂದಳು. ಸೋದರತ್ತೆಯ ಮಾತಿನೆದುರು ಕಾಲೇಜಿನ ನಿಯಮ ಎಷ್ಟರದು? ಪರೀಕ್ಷೆ ನಡೆಯಲಿ ಎಂದಳು. ಪೆನಿಸಿಮಾನಿಗೆ ಹೋದ ಜೀವ ಬಂತು.

ಅವಳು ಪ್ರಶ್ನೆಯ ಲಕೋಟೆ ಒಡೆದಳು. ಓದಿಕೊಂಡಳು. ಮುಖ ಪಕ್ಕಕ್ಕೆ ತಿರುಗಿಸಿ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದಳು.

ಬೈಬಲಿನಲ್ಲಿ ನಲ್ಲ ನಲ್ಲೆಯರು ಒಬ್ಬರ ಅಂಗಾಂಗವನ್ನು ಒಬ್ಬರು ಬಣ್ಣಿಸುವ ಭಾಗವೊಂದಿದೆ. ಅದನ್ನು ಸಾಲುಸಾಲಾಗಿ ವಿವರಿಸಬೇಕಿತ್ತು. ಪೆನಿಸಿಮಾನಿಗೆ ಅದು ನೀರು ಕುಡಿದಷ್ಟು ಸಲೀಸು. ವೈಮೋವಾನಾ ಮತ್ತೆ ಮತ್ತೆ ಓದಿಸಿ, ನಕ್ಕು, ಬಾಯಿಪಾಠ ಮಾಡಿಸಿದ್ದ ಭಾಗ ಅದು. ಆದರೆ ಇಬ್ಬರಿಗೂ ಸೋದರತ್ತೆ ಒಬ್ಬಳೇ ಆದ ಮೇಲೆ ಅಕನೆಸಿ ಈಗ ತಂಗಿ. ನಮ್ಮಲ್ಲಿ ಅಣ್ಣತಂಗಿಯರು ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಅವರಿಬ್ಬರೂ ಇರುವಲ್ಲಿ ಯಾರಾದರೂ ಸರಸದ ಮಾತೆತ್ತಿದರೆ ಒಬ್ಬರು ಎದ್ದು ಹೋಗಬೇಕು. ದೂರದ ದಾಯಾದಿಯಾದರೂ ಅಷ್ಟೇ, ಅದನ್ನು ನೋಡುತ್ತ ಕೂತವರಿಗೂ ನಾಚಿಕೆ.

ಹಾಳೆ ಓದಿದ ಹಾವೆಯಾ ಮೆಲ್ಲಗೆ ಎದ್ದು ಹೊರಗೆ ಹೋದ. ಗಾಯಕಿಯರು ಒಬ್ಬರ ಹಿಂದೊಬ್ಬರು ಹೋದರು. ಕಿಲಿಫಿ ಕಣ್ಣು ಬಿಟ್ಟು, ಓದಿ, ಮತ್ತೆ ಮುಚ್ಚಿಕೊಂಡು ತಡವರಿಸುತ್ತ ಬಾಗಿಲು ದಾಟಿದ. ಅತ್ತೆಗೆ ಒಲೆಯ ನೆನಪಾಯಿತು. ಬೆಳಿಗ್ಗೆಯಿಂದ ಬೇಡಿಕೊಂಡ ಏಕಾಂತ ಪೆನಿಸಿಮಾನಿಗೆ ಕೊನೆಗೂ ಸಿಕ್ಕಿತು. ಲಕೋಟೆ ಒಡೆದ ಮೇಲೆ ಪ್ರಶ್ನೆಯನ್ನು ಬದಲಿಸುವಂತಿರಲಿಲ್ಲ. ಅವಳು ಅಲ್ಲಿ ನೆಲ ನೋಡುತ್ತ, ಇವನು ಇಲ್ಲಿ ನೆಲ ನೋಡುತ್ತ ಹೊತ್ತು ಕಳೆದರು.

"ಉತ್ತರ ಕೊಡಲಿಲ್ಲ ಅಂತ ಬರೀಬೇಕಾಗುತ್ತೆ, ಅಣ್ಣ" ಎಂದಳು ಅವಳು ಕೊನೆಗೆ, ಮುಖ ತಿರುಗಿಸಿಕೊಂಡೇ.

"ಬರಿಯಮ್ಮ" ಎಂದ ಇವನು.

ಊರಿಗೆ ಊರೇ ಅವನನ್ನು ಕೊಂಡಾಡಿತು. ಪದವಿ ಹೋದರೂ ತಂಗಿಯ ಮರ್ಯಾದೆ ಕಾಪಾಡಿದ, ಇಂಥವನು ಸಭಾಪಾಲಕನಾಗಬೇಕಿತ್ತು ಎಂದು ಕಿಲಿಫಿ ಕಣ್ಣೊರೆಸಿಕೊಂಡ. ಆ ಜಾಗಕ್ಕೆ ಬೇರೆ ದ್ವೀಪದವರನ್ನು ಕಳಿಸಿಕೊಡಿ ಎಂದು ಕೇಳಲು ಅದೇ ಕಿಲಿಫಿ ಹೊರಟ.

ಎಲ್ಲರೂ ಹೋದ ಮೇಲೆ ಅತ್ತೆ ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸ, ಗೆಣಸು ಬಡಿಸಿದಳು. ಸಾಕಲು ಕೊಟ್ಟ ಆ ಕೂಸಿನ ಕತೆ ಅಪ್ಪ ಒಂದು ದಿನವೂ ಹೇಳಿರಲಿಲ್ಲವಲ್ಲ ಎಂದು ಪೆನಿಸಿಮಾನಿ ಕೇಳಿದ.

"ಇದ್ದರೆ ತಾನೆ ಹೇಳೋಕೆ" ಎಂದಳು ಲೋಸಾಲಿನೆ. "ಯಾವ ಫಿಲಿಮೋನೆಯೋ, ನಾನು ಅವನ ಮುಖ ಕಂಡವಳಲ್ಲ. ಆ ಹುಡುಗಿ ನಿಲ್ಲಿಸ್ತೀನಿ ಅಂದಳು, ನಿನ್ನ ಮುಖ ನೋಡೋಕಾಗ್ಲಿಲ್ಲ. ಏನೋ ಒಂದು ಹೇಳಿದೆ."

ಅವಳು ತಂಗಿಯಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದು ಕಾಲೇಜಿಗೆ ಬರೆದರೆ ಸೋದರತ್ತೆ ಸುಳ್ಳುಗಾತಿ ಎಂದು ಬರೆಯಬೇಕು. ಅಳುತ್ತ ಅಣ್ಣ ಎಂದವಳಿಗೆ ನೀನು ಯಾರೋ ಎನ್ನಬೇಕು. ಎರಡೂ ಪೆನಿಸಿಮಾನಿಯಿಂದ ಆಗುವ ಕೆಲಸವಲ್ಲ.

ಅತ್ತೆ ಇನ್ನೊಂದು ಗೆಣಸು ಹಾಕಿ ಅವನ ಬೆನ್ನು ಸವರಿದಳು. "ತಪ್ಪು ನಿಂದೂ ಇದೆ. ಮುಂದಿನ ಸಲ ಏನು ಕೇಳ್ತಾರೆ ಅಂತ ನನಗೆ ಮೊದಲೇ ಹೇಳು. ಅದಕ್ಕೆ ಒಗ್ಗೋ ನಂಟು ಹಚ್ಚಿ ಕೊಡ್ತೀನಿ."